ಹಂಚಿನಿಂದ ಇಳಿದ ಬೀಜ

ಗೋಡೆಯಾಚೆಯ ಪಾತಿಯಲ್ಲಿ ಮೊಳಕೆ ಎದ್ದಿದ್ದವು. ಅನುಸೂಯ ಹಿತ್ತಲಿಗೆ ಬಂದದ್ದು ತುಳಸಿಗೆ ನೀರು ಹಾಕಲು. ಪಕ್ಕದ ಮನೆಯ ಯಶೋದಳ ಪಾತಿಯ ಕಡೆ ಕಣ್ಣು ಹೋದದ್ದು ಬರೀ ಅಭ್ಯಾಸದಿಂದ. ನೋಡಿದಳು, ನೋಡಿದ್ದು ತಲೆಗೆ ಹೋಗಲಿಲ್ಲ, ಮತ್ತೆ ನೋಡಿದಳು. ಎರಡೆರಡು ದುಂಡು ಎಲೆ, ನಡುವೆ ಮುದುರಿಕೊಂಡ ಮೂರನೆಯದು, ಅದರ ಅಂಚಿಗೆ ಆ ಗೊತ್ತಿರುವ ನೆರಿಗೆ, ಮೈಮೇಲೆ ನವಿರು. ಹೊಳಲ್ಕೆರೆಯಲ್ಲಿ ಆ ಎಲೆಯನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಕೋಲುದಾಸವಾಳವೇ. ಚೊಂಬು ಓರೆಯಾಗಿ ನೀರು ಪಾದದ ಮೇಲೆ ಸುರಿದು ಸೀರೆಯ ಅಂಚು ಒದ್ದೆಯಾಯಿತು. ಅವು ಏಳಬಾರದಿತ್ತು. ಏಳುವುದು ಸಾಧ್ಯವೇ ಇರಲಿಲ್ಲ. ಆ ಬೀಜಗಳನ್ನು ಯಶೋದಳ ಕೈಗೆ ಕೊಡುವ ಮುಂಚೆ ಅನುಸೂಯ ತಾನೇ ಒಲೆಯ ಮುಂದೆ ನಿಂತು, ಕಬ್ಬಿಣದ ಹಂಚಿನ ಮೇಲೆ ಹಾಕಿ, ಘಮ್ಮನೆ ವಾಸನೆ ಬರುವವರೆಗೆ ಹುರಿದಿದ್ದಳು.

"ಅಕ್ಕಾ, ನೋಡಿದ್ರಾ?" ಯಶೋದಾ ಪೊರಕೆ ಹಿಡಿದೇ ಗೋಡೆಯ ಹತ್ತಿರ ಓಡಿ ಬಂದಳು. ಗೋಡೆ ಎದೆಮಟ್ಟದ್ದು, ಅದರ ಮೇಲಿಂದ ಅವಳ ಮುಖ ಮಾತ್ರ ಕಾಣುತ್ತಿತ್ತು, ಎಣ್ಣೆ ಹಚ್ಚಿದ್ದ ತಲೆ, ನಿದ್ದೆ ಬಿಟ್ಟಿದ್ದ ಕಣ್ಣು. "ನಿಮ್ಮ ಬೀಜ ಅಕ್ಕ! ದಿನಾ ಎದ್ದು ನೋಡಾದು, ಏನೂ ಇಲ್ಲ. ನನ್ನ ಕೈಯಾಗೆ ಏನೂ ಹುಟ್ಟಂಗಿಲ್ಲ ಅಂತ ಒಳಗೊಳಗೇ ಅತ್ಕಂಡಿದ್ದೆ. ಇವತ್ತು ನೋಡ್ರಿ, ಹೆಂಗೆ ಬಂದವೆ!"

"ಬಂದವಲ್ಲ," ಎಂದಳು ಅನುಸೂಯ.

"ನಿಮ್ದಿನ್ನೂ ಎದ್ದಿಲ್ವಾ?"

ಇಬ್ಬರೂ ಒಟ್ಟಿಗೆ ಅನುಸೂಯಳ ಪಾತಿಯ ಕಡೆ ನೋಡಿದರು. ಬೇವಿನ ಮರದ ನೆರಳಿನಲ್ಲಿ ಅದು ಬೋಳಾಗಿ, ತೇವವಾಗಿ, ಅಚ್ಚುಕಟ್ಟಾಗಿ ಮಲಗಿತ್ತು. "ಇಲ್ಲಿ ನೆರಳು ಜಾಸ್ತಿ," ಎಂದು ಅನುಸೂಯ ಹೇಳಿದಳು, ಯಾರೂ ಕೇಳದ ಲೆಕ್ಕ ಒಪ್ಪಿಸುವವಳ ಹಾಗೆ. "ಬರ್ತವೆ ಬಿಡ್ರಿ, ನಿಮ್ಮ ಕೈಯಾಗೆ ಬರ್ದೆ ಎಲ್ಲಿಗೋಗ್ತವೆ," ಎಂದು ಯಶೋದಾ ಸಮಾಧಾನ ಮಾಡಿದಳು. ಯಶೋದಳಿಂದ ಸಮಾಧಾನ ಮಾಡಿಸಿಕೊಳ್ಳುವ ದಿನ ಬಂತಲ್ಲ ಎಂದು ಅನುಸೂಯಳಿಗೆ ಮೈ ಉರಿಯಿತು. ಒಳಗಿನಿಂದ ಅತ್ತೆ ನಾಗಕ್ಕ ಕೂಗಿದ್ದಕ್ಕೆ ಯಶೋದಾ ಹೋದಳು. ಅನುಸೂಯ ಅಲ್ಲೇ ನಿಂತಳು.

ಹುರಿಯುವುದನ್ನು ಅವಳು ಕಂಡುಹಿಡಿದದ್ದಲ್ಲ, ಅವಳ ಅತ್ತೆ ಬೋರಕ್ಕ ಕಲಿಸಿದ್ದು. ಮನೆಯ ಬೀಜ ಹೊಸಿಲು ದಾಟಿದರೆ ಸಿರಿಯೂ ಅದರ ಹಿಂದೆ ಹೋಗುತ್ತದೆ ಎಂದು ಆ ಮುದುಕಿಗೆ ಗಟ್ಟಿ ನಂಬಿಕೆ. ಕೇಳಿದವರಿಗೆ ಇಲ್ಲ ಎಂದು ಹೇಳಲು ಅಷ್ಟೇ ಗಟ್ಟಿ ನಾಚಿಕೆ. ಎರಡನ್ನೂ ಉಳಿಸಿಕೊಳ್ಳಲು ಹಂಚು. ಕೇಳಿದವರು ಸೆರಗೊಡ್ಡಿ ಈಸಿಕೊಂಡು ಹೋಗುತ್ತಿದ್ದರು, ನೀರು ಹಾಕುತ್ತಿದ್ದರು, ಕೊನೆಗೆ ತಮ್ಮ ಮಣ್ಣನ್ನೋ ಕೈಗುಣವನ್ನೋ ಬೈದುಕೊಂಡು ಸುಮ್ಮನಾಗುತ್ತಿದ್ದರು. ಅಷ್ಟಕ್ಕೂ ಬೋರಕ್ಕನಾದರೂ ಆ ಬೀಜವನ್ನು ಮಾರಿಕಣಿವೆ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಯಾವನೋ ಸಾಹೇಬನ ಮನೆಯ ಮುಂದಿನಿಂದ ಕೇಳದೆ ಗೀಳದೆ ಸೆರಗಿಗೆ ಕಟ್ಟಿಕೊಂಡು ಬಂದವಳು. ನರ್ಸರಿಯವರು ಹಾಲಿಹಾಕ್ ಅನ್ನುವ ಹೂವಿಗೆ ಕೋಲುದಾಸವಾಳ ಎಂದು ಹೆಸರಿಟ್ಟವಳೂ ಅವಳೇ. ಆಳೆತ್ತರದ ಒಂಟಿ ಕೋಲು, ಕೋಲಿನ ಉದ್ದಕ್ಕೂ ಬಟ್ಟಲಿನಂಥ ಹೂವು. ಎಲ್ಲೆಲ್ಲೂ ಕಾಣುವ ಗುಲಾಬಿ ಬಿಳಿಯಲ್ಲ, ಕಪ್ಪು ಎನ್ನಬಹುದಾದಷ್ಟು ಕಡುಕೆಂಪು. ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಕಪ್ಪು ಹೂವಿನ ಮನೆ ಎಂದರೆ ಆಟೋದವರೂ ನೇರವಾಗಿ ಕರೆತಂದು ಬಿಡುತ್ತಿದ್ದರು. ಅನುಸೂಯಳನ್ನು ಯಾವತ್ತೂ ಯಾರೂ ಹಾಗೆ ನಿಂತು ನೋಡಿರಲಿಲ್ಲ. ಹೋದ ವರ್ಷ ಪಕ್ಕದ ಬೀದಿಯ ಮೇಡಂ ಒಬ್ಬರು ಫೋಟೋ ತೆಗೆಯುತ್ತೇನೆಂದು ಬಂದಾಗ ಅವಳು ಸೀರೆ ಸರಿಮಾಡಿಕೊಂಡು ಗಿಡದ ಪಕ್ಕ ನಿಂತಿದ್ದಳು. ಆಯಮ್ಮ ಫೋನು ಮೇಲೆತ್ತಿ, "ಸ್ವಲ್ಪ ಆಚೆ ಸರೀರಿ, ಹೂವು ಪೂರ್ತಿ ಬರ್ಲಿ," ಎಂದಿದ್ದರು. ಸರಿದಿದ್ದಳು. ಸರಿದು ನಗುತ್ತಲೂ ನಿಂತಿದ್ದಳು. ಸಾಯುವ ಮುಂಚೆ ಬೋರಕ್ಕ ಬೀಜದ ಡಬ್ಬಿಯನ್ನು ಮಗನಿಗೆ ಕೊಡದೆ ಇವಳ ಮಡಿಲಿಗೆ ಇಟ್ಟಿದ್ದಳು. ಇಷ್ಟು ವರ್ಷ ಆ ಮನೆಯಲ್ಲಿ ಅವಳಿಗೆ ಸಿಕ್ಕ ಒಂದೇ ಒಂದು ಶಹಬಾಸ್‌ಗಿರಿ ಅದು.

ಹೋದ ವರ್ಷ ಗಿಡಗಳ ಎಲೆಗೆ ತುಕ್ಕಿನಂಥ ಕಲೆ ಬಿದ್ದು ಒಂದೊಂದೇ ಒಣಗಿ ಹೋಗಿದ್ದವು. ಉಳಿದದ್ದು ಒಂದೇ ಕೋಲು, ಅದರ ಬೀಜ ಒಂದು ಹಿಡಿಗೂ ಕಡಿಮೆ. ದಸರೆ ಕಳೆದ ಮೇಲೆ ಅದನ್ನು ಬಿತ್ತಬೇಕೆಂದು ಇಳಿಸಿ ಆರಿಸುತ್ತಿದ್ದಾಗಲೇ ಯಶೋದಾ ಬಂದು, ಹೇಗೆ ಕೇಳಲಿ ಎಂದು ಬಾಗಿಲ ಬಳಿ ಅಷ್ಟು ಹೊತ್ತು ನಿಂತು, ಕೊನೆಗೆ, "ನಂಗೂ ನಾಕು ಬೀಜ ಕೊಡ್ತೀರಾ ಅಕ್ಕ?" ಎಂದದ್ದು. ಮಾರನೆಯ ದಿನ ಬಾ ಎಂದಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಎರಡು ಪೊಟ್ಟಣ ಕಟ್ಟಿದ್ದಳು. ಒಂದು ಹಂಚಿನಿಂದ ಇಳಿಸಿದ್ದು, ಒಂದು ಮನೆಯದು. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅಷ್ಟರಲ್ಲಿ ಹಿರಿಯೂರಿನಿಂದ ತಂಗಿ ಫೋನು ಮಾಡಿದ್ದಳು. ಫೋನು ಕಿವಿಗೆ ಸಿಕ್ಕಿಸಿಕೊಂಡೇ ಬಾಗಿಲಿಗೆ ಹೋಗಿ ಪೊಟ್ಟಣ ಕೊಟ್ಟದ್ದು ನೆನಪಿತ್ತು. ಬಲಗಡೆಯದೋ ಎಡಗಡೆಯದೋ ನೆನಪಿರಲಿಲ್ಲ. ನೋಡಲು ಎರಡೂ ಬೀಜ ಒಂದೇ ಥರ.

ಈಗ ಅದು ಹೊಳೆದದ್ದೇ ಅನುಸೂಯ ತುಳಸಿಕಟ್ಟೆಯ ಮೇಲೆ ಕುಕ್ಕರಿಸಿದಳು. ಹಾಗಾದರೆ ಅದೇ. ಬೇರೆ ಇನ್ನೇನಿದ್ದೀತು. ಒಳ್ಳೆಯದೆಲ್ಲ ಗೋಡೆಯಾಚೆಗೆ ಹೋಗಿದೆ, ಹುರಿದದ್ದನ್ನು ತಾನು ತನ್ನ ಕೈಯಾರೆ ಬಿತ್ತಿಕೊಂಡು, ನೀರು ಹನಿಸಿ, ನೆರಳಿಗೆ ಬೇವಿನ ರೆಂಬೆ ಸಹ ಬಾಗಿಸಿ ಕಾಯುತ್ತಿದ್ದಾಳೆ. ಗಂಡ ರಾಮಾಂಜನೇಯ, ಮೇಷ್ಟ್ರುಗಳ ತರಬೇತಿಗೆಂದು ಹೊಸದುರ್ಗಕ್ಕೆ ಹೋಗಿದ್ದ. ಇದ್ದಿದ್ದರೆ ನಕ್ಕುಬಿಡುತ್ತಿದ್ದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಬೀದಿಗೆಲ್ಲ ಹೇಳುತ್ತಿದ್ದ. ಅವನಿಲ್ಲದೆಯೂ ಆ ನಗು ಅವಳಿಗೆ ಕೇಳಿಸಿತು. ಇನ್ನು ಬೇಸಿಗೆ ಮುಟ್ಟುವಷ್ಟರಲ್ಲಿ ಕಪ್ಪು ಹೂವು ಪಕ್ಕದ ಹಿತ್ತಲಲ್ಲಿ ಅರಳುತ್ತದೆ, ಆಟೋದವರು ಒಂದು ಬಾಗಿಲು ಮುಂದೆ ಹೋಗಿ ನಿಲ್ಲಿಸುತ್ತಾರೆ. ತಾನು ಗೋಡೆಯ ಮೇಲೆ ಕತ್ತು ಚಾಚಿ, ಹೇಗೆ ಕೇಳಲಿ ಎಂದು ಅಷ್ಟು ಹೊತ್ತು ನಿಂತು, ನನಗೂ ನಾಲ್ಕು ಬೀಜ ಕೊಡ್ತೀಯಾ ಎಂದು ಕೇಳಬೇಕು. ಅವಳು ಕೊಡುತ್ತಾಳೆ ಕೂಡ, ಹುರಿಯದೆ ಕೊಡುತ್ತಾಳೆ. ಅನುಸೂಯಳಿಗೆ ಅದನ್ನೇ ತಡೆಯಲಾಗಲಿಲ್ಲ.

ತಿಳಿದುಕೊಳ್ಳಲೇಬೇಕಿತ್ತು. ತಲೆಯಿಂದ ಹೇರ್‌ಪಿನ್ ಕಿತ್ತು ಪಾತಿಯ ಮೂಲೆಯಲ್ಲಿ ಮಣ್ಣು ಕೆದಕಿದಳು. ಒಂದು ಬೀಜ ಸಿಕ್ಕಿತು, ಹಪ್ಪಳದ ಚೂರಿನಂಥದ್ದು. ಉಗುರಿನಲ್ಲಿ ಒತ್ತಿದರೆ ಒಳಗೆ ಏನೂ ಇರಲಿಲ್ಲ, ಕಂದು ಪುಡಿ ಅಷ್ಟೆ. ನೋಡಿದೆಯಾ, ಎಂದು ತನಗೆ ತಾನೇ ಹೇಳಿಕೊಂಡಳು, ಗೆದ್ದವಳ ಹಾಗೆ. ಮತ್ತೊಂದು ಕೆದಕಿದಳು. ಅದು ಪಿನ್ನಿನ ಜೊತೆ ಮೇಲೆ ಬಂತು, ಒಡೆದ ಸಿಪ್ಪೆಯಿಂದ ದಾರದಷ್ಟು ತೆಳುವಾದ ಬಿಳಿಯ ಬೇರು ಇಳಿಬಿದ್ದಿತ್ತು, ತುದಿ ತುಂಡಾಗಿತ್ತು. ಅದನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದಳು. ಇದೊಂದು ಹೇಗೋ ಸೇರಿಕೊಂಡಿರಬೇಕು, ಆರಿಸುವಾಗ ಜಾರಿ ಬಿದ್ದದ್ದು. ಇನ್ನೊಂದು ನೋಡಿದರೆ ಗೊತ್ತಾಗುತ್ತದೆ. ಇನ್ನೊಂದಕ್ಕೂ ಬೇರಿತ್ತು. ಅದರ ಪಕ್ಕದ್ದಕ್ಕೂ. ಸತ್ತದ್ದು ಒಂದೇ ಸಿಕ್ಕರೂ ನಂಬಲು ಸಾಕಾಗಿತ್ತು; ಬದುಕಿದ್ದವು ಎಷ್ಟು ಸಿಕ್ಕರೂ ಸಾಕಾಗಲಿಲ್ಲ. ನಿಲ್ಲಿಸು ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು, ಬೆರಳು ಕೇಳಲಿಲ್ಲ. ಕೆಲವು ಆಗಲೇ ಮಣ್ಣನ್ನು ತಲೆಯಿಂದ ದಬ್ಬುತ್ತಿದ್ದವು, ನಾಳೆಯೋ ನಾಡಿದ್ದೋ ಎದ್ದುಬಿಡುತ್ತಿದ್ದವು. ಪಾತಿ ಮುಗಿದಾಗ ಅವಳಿಗೆ ಎಚ್ಚರವಾಯಿತು. ಬಿಸಿಲು ಬೇವಿನ ನೆರಳನ್ನು ದಾಟಿ ಬಂದಿತ್ತು, ಬಿಳಿಯ ಬೇರುಗಳು ಆ ಬಿಸಿಲಲ್ಲಿ ಸಾಲಾಗಿ ಬಿದ್ದಿದ್ದವು, ನೋಡುತ್ತಿದ್ದ ಹಾಗೇ ಸೊರಗುತ್ತಿದ್ದವು. ಮತ್ತೆ ನೆಡಲು ಹೋದಳು. ಬೆರಳು ತಾಗಿದರೆ ಮುರಿಯುತ್ತಿದ್ದವು.

ಮನೆಯ ಬೀಜ ಮನೆಯಲ್ಲೇ ಇತ್ತು. ಅದನ್ನು ಅವಳೇ ಕಿತ್ತಿದ್ದಳು. ಇಷ್ಟು ಅರ್ಥವಾಗುವಷ್ಟರಲ್ಲಿ ಅದಕ್ಕಿಂತ ದೊಡ್ಡದು ಬಂದು ಎದೆಗೆ ಗುದ್ದಿತು. ಹಾಗಾದರೆ ಗೋಡೆಯಾಚೆ ಎದ್ದಿರುವುದು ಹುರಿದದ್ದು. ಹಂಚಿನ ಮೇಲೆ ಕಾದು ಚಿಟಪಟ ಅಂದ ಬೀಜ ಯಶೋದಳ ಕೈಯಲ್ಲಿ ಎಲೆ ಬಿಟ್ಟಿದೆ. ಎಂಥ ಹೆಂಗಸು ಅವಳು. ಎಂಥ ಕೈ. ಮನೆಗೆ ಬಂದಾಗಲೆಲ್ಲ ಅವಳಿಗೆ ಹಿಡಿಕೆ ಮುರಿದ ಲೋಟದಲ್ಲಿ ಕಾಫಿ ಕೊಟ್ಟದ್ದು ನೆನಪಾಯಿತು. ಅವಳ ಗರ್ಭ ಎರಡು ಸಲ ನಿಲ್ಲದೆ ಹೋದಾಗ ಅಯ್ಯೋ ಪಾಪ ಎಂದು ಹೇಳಿ ಬಂದು, ಮನೆ ಸೇರಿ ಕಾಲು ತೊಳೆದುಕೊಂಡದ್ದು ನೆನಪಾಯಿತು. ಗೋಡೆಯ ಕಡೆ ತಿರುಗಿದಾಗ ಮಣ್ಣು ಮೆತ್ತಿದ ಎರಡು ಕೈಗಳೂ ತಮ್ಮಷ್ಟಕ್ಕೆ ಮುಗಿಯಲು ಹೊರಟಿದ್ದವು. ಆಗ ಮುಂದಿನ ಗೇಟಿನ ಸದ್ದಾಯಿತು.

ಯಶೋದಳ ಗಂಡ ಕನಕರಾಜ್. ಮನೆಯ ಪಕ್ಕದ ಓಣಿಯಿಂದ ನೇರವಾಗಿ ಹಿತ್ತಲಿಗೇ ಬಂದು, ಬೈಕಿನ ಕೀಲಿ ಕೈಯಲ್ಲಿ ತಿರುಗಿಸುತ್ತ ನಿಂತ. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಹತ್ತಿರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಮಾತು ಕಡಿಮೆ.

"ಬಾರಪ್ಪ, ಕುಂತ್ಕ," ಎಂದಳು ಅನುಸೂಯ. ಅಗೆದ ಪಾತಿಗೆ ಅಡ್ಡವಾಗಿ ನಿಂತುಕೊಂಡಳು.

"ಇಲ್ಲಕ್ಕ, ಲೋಡು ಐತೆ, ಹೋಗ್ಬೇಕು. ಒಂದು ಮಾತು ಹೇಳಿ ಹೋಗಾಣ ಅಂತ ಬಂದೆ." ಗೋಡೆಯ ಕಡೆ ನೋಡಿ ದನಿ ತಗ್ಗಿಸಿದ. "ಬೆಳಿಗ್ಗೆ ನೀವು ನಮ್ಮ ಪಾತಿ ನೋಡ್ತಾ ನಿಂತಿದ್ರಲ್ಲ. ನಿಮಗೆ ತಿಳಿದೋತು ಅನ್ಕಂಡೆ."

"ಏನು ತಿಳೀತು?"

"ಅವು ನಿಮ್ಮ ಬೀಜ ಅಲ್ಲ ಅಂತ."

ಅನುಸೂಯ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಿಮ್ಮವು ಬರ್ಲಿಲ್ಲಕ್ಕ. ಒಂದು ತೆಗ್ದು ಹಲ್ಲಿಗೆ ಹಾಕ್ದೆ, ಹುರಿಗಾಳು ಕಡಿದಂಗಾತು." ಕೀಲಿ ತಿರುಗುವುದು ನಿಂತಿತು. ಅವನು ಅವಳ ಮುಖ ನೋಡಲಿಲ್ಲ. "ಬಿಸಿಲಿಗೆ ಇಟ್ಟು ಮರ್ತಿದ್ರೇನೋ."

"ಹೂಂ, ಮರ್ತಿದ್ದೆ," ಎಂದಳು ಅನುಸೂಯ. ಎಷ್ಟು ಬೇಗ ಅಂದಳೆಂದರೆ ಅವನು ಮಾತು ಮುಗಿಸಿರಲೂ ಇಲ್ಲ. ಅವನು ನೀಡಿದ ಸುಳ್ಳನ್ನು ಹಾಗೆ ಕಸಿದುಕೊಂಡದ್ದಕ್ಕೆ ಅವಳ ಕಿವಿಯ ತುದಿ ಬಿಸಿಯಾಯಿತು.

"ಚಿತ್ರದುರ್ಗಕ್ಕೆ ಹೋಗಿದ್ನಲ್ಲ, ಅಲ್ಲಿ ನರ್ಸರಿಯಾಗೆ ಇದೇ ಹೂವಿಂದು ಒಂದು ಪ್ಯಾಕೆಟ್ ತಂದು, ಅವಳು ನೀರಿಗೆ ಹೋದಾಗ ಹಾಕಿಬಿಟ್ಟೆ. ಯಾವ ಬಣ್ಣನೋ ಏನೋ. ಅವಳಿಗೆ ಗೊತ್ತಿಲ್ಲ." ಮತ್ತೆ ಗೋಡೆಯ ಕಡೆ ನೋಡಿದ. "ಈಗ ಅವಳಿಗೆ ಮೂರು ತಿಂಗ್ಳು ಅಕ್ಕ. ಯಾರಿಗೂ ಹೇಳಿಲ್ಲ. ಕಪ್ಪು ಹೂವಿನ ಮನೆ ಬೀಜ ನನ್ನ ಕೈಯಾಗೆ ಎದ್ರೆ ಈ ಸಲ ಉಳೀತೈತೆ, ಇಲ್ದಿದ್ರೆ ಇದೂ ಇಲ್ಲ, ಅಂತ ತಲೆಯಾಗೆ ಹಿಡ್ಕಂಡವಳೆ. ಎದ್ದಿಲ್ಲ ಅಂತ ಊಟ ಬಿಟ್ಟಿದ್ಲು. ಆಸ್ಪತ್ರೆಯಾಗೆ ಎಲ್ಲಾ ಸರಿ ಐತೆ ಅಂದ್ರೂ ಕೇಳ್ಲಿಲ್ಲ. ಈಗ ಎದ್ದವೆ, ಬೆಳಿಗ್ಗೆ ಎರಡು ರೊಟ್ಟಿ ತಿಂದ್ಲು. ನೀವು ಏನೂ ಹೇಳ್ಬ್ಯಾಡ್ರಿ. ನಿಮ್ಮ ಬೀಜಾನೇ ಅಂತ ಇರ್ಲಿ."

"ಹೇಳಲ್ಲಪ್ಪ."

ಹೋಗುವಾಗ ಅವನ ಕಣ್ಣು ಅವಳ ಹಿಂದಿದ್ದ ಪಾತಿಯ ಮೇಲೆ, ಅಲ್ಲಿಂದ ಅವಳ ಉಗುರಿನ ಮಣ್ಣಿನ ಮೇಲೆ ಬಿತ್ತು. ಬೈಕಿನ ಸದ್ದು ಬೀದಿಯ ತುದಿಯವರೆಗೆ ಕೇಳಿಸಿ ನಿಂತಿತು.

ಅನುಸೂಯಳಿಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಡುಗೆಮನೆಗೆ ಹೋದಳು, ಯಾಕೆಂದು ಮರೆತು ವಾಪಸು ಬಂದಳು. ಊಟ ಬಿಟ್ಟಿದ್ದಳಂತೆ. ಎದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ದಿನವೂ ಬೋಳು ಮಣ್ಣಿನ ಮುಂದೆ ಕೂತಿದ್ದಳಂತೆ, ಅದೂ ಅನುಸೂಯ ಗೋಡೆಯಾಚೆಯಿಂದ ನೋಡುತ್ತಿದ್ದ ಹಾಗೆಯೇ. ನೋಡಿ ತಾನು ಒಳಗೆ ಹೋಗಿ ಅನ್ನಕ್ಕಿಡುತ್ತಿದ್ದಳು. ಒಂದು ಸಲ ನಕ್ಕೂ ಇದ್ದಳು. ಹಂಚಿನ ಮೇಲೆ ತಾನು ಹುರಿದದ್ದು ಏನನ್ನು? ಆ ಪ್ರಶ್ನೆ ಬಂದದ್ದೇ ಅವಳ ಬಾಯಿಂದ ಅಮ್ಮಾ ಎಂದು ಸಣ್ಣ ದನಿ ಹೊರಟಿತು, ಯಾರಾದರೂ ಕೇಳಿದರೇನೋ ಎಂದು ಅವಳೇ ಬಾಯಿ ಮುಚ್ಚಿಕೊಂಡಳು. ಹೆದರಿಕೆಯ ಜೊತೆಗೇ ನಾಚಿಕೆಗೆಟ್ಟ ಒಂದು ನೆಮ್ಮದಿಯೂ ಇತ್ತು: ಕನಕರಾಜ್ ಎಲ್ಲ ಸರಿಮಾಡಿದ್ದಾನೆ, ತಾನು ಸುಮ್ಮನಿದ್ದರಾಯಿತು. ಸುಮ್ಮನಿರುವುದು ಅವಳಿಗೆ ಕಷ್ಟವಾದ ಕೆಲಸವೇನಲ್ಲ.

ಆ ನೆಮ್ಮದಿ ಕೈ ತೊಳೆಯುವಷ್ಟು ಹೊತ್ತೂ ಉಳಿಯಲಿಲ್ಲ. "ಅಕ್ಕಾ" ಎನ್ನುತ್ತ ಯಶೋದಾ ಓಣಿಯಿಂದ ಬಂದಳು, ಸ್ಟೀಲ್ ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಅಚ್ಚು ಬೆಲ್ಲ, ಬೇರಿನ ಮಣ್ಣು ಸಮೇತ ಎತ್ತಿದ ನಾಲ್ಕು ಸಸಿ. "ನಿಮ್ಮನೆ ಬೀಜ, ಮೊದ್ಲು ನಿಮಗೇ ಒಪ್ಪಿಸ್ಬೇಕು ಅಂದ್ರು ನಮ್ಮತ್ತೆ. ತಗಳ್ರಿ..." ಎಂದವಳು ಪಾತಿ ನೋಡಿ ನಿಂತುಬಿಟ್ಟಳು.

"ಅಯ್ಯೋ! ಯಾರಕ್ಕ ಹಿಂಗೆ ಮಾಡಿದ್ದು?"

"ಕೋಳಿ," ಎಂದಳು ಅನುಸೂಯ.

ಯಶೋದಾ ತಟ್ಟೆ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಳು. ಸೊರಗಿದ ಒಂದು ಬೇರನ್ನು ಎತ್ತಿ ನೋಡಿದಳು. "ಕೋಳಿ ಆಗಿದ್ರೆ ತಿಂದುಬಿಡ್ತಿದ್ವಲ್ಲ ಅಕ್ಕ. ಎಲ್ಲಾ ಹಂಗೇ ಬಿದ್ದವೆ." ಅವಳ ಮುಖದ ಮೇಲಿದ್ದ ಬೆಳಗಿನ ಬೆಳಕೆಲ್ಲ ನೋಡುತ್ತಿದ್ದಂತೆ ಇಳಿದುಹೋಯಿತು. "ನಂದು ಎದ್ದ ದಿವ್ಸಾನೇ ನಿಮ್ದು ಹಿಂಗಾತು. ನಾನು ಕೇಳ್ಬಾರ್ದಾಗಿತ್ತು. ನಿಮ್ಮನೆ ಸಿರಿ ನಾನು ಹೊತ್ಕಂಡೋದಂಗಾತು." ಅವಳ ಕೈ ಅವಳಿಗೇ ತಿಳಿಯದ ಹಾಗೆ ಹೊಟ್ಟೆಯ ಮೇಲೆ ಹೋಗಿ ಕೂತಿತು. "ಇನ್ನೊಬ್ರ ಮನೆ ಹಾಳಾಗಿ ನಂಗೆ ಒಳ್ಳೇದಾಗಾದು ಬ್ಯಾಡಕ್ಕ. ಹಂಗೆ ಬಂದಿದ್ದು ಉಳಿಯಾದೂ ಇಲ್ಲ. ಎಲ್ಲಾನೂ ಕಿತ್ತು ತಂದು ನಿಮ್ಮ ಪಾತಿಗೇ ಹಾಕ್ತೀನಿ, ನಿಮ್ಮದು ನಿಮಗೇ ಇರ್ಲಿ." ಎದ್ದೇಬಿಟ್ಟಳು. ಅವಳು ಹಾಗೆ ಹೇಳಿ ಮಾಡದೆ ಬಿಡುವವಳಲ್ಲ.

ಅನುಸೂಯಳಿಗೆ ಯೋಚಿಸಲು ಒಂದು ಉಸಿರಿನಷ್ಟು ಹೊತ್ತಿತ್ತು. ನಿನ್ನವು ನನ್ನ ಬೀಜವಲ್ಲ ಅನ್ನಬಹುದು. ಅಂದರೆ ಅವಳು ಮತ್ತೆ ಊಟ ಬಿಡುತ್ತಾಳೆ. ಹುರಿದು ಕೊಟ್ಟಿದ್ದೆ ಅನ್ನಬಹುದು. ಅದಕ್ಕೂ ಇದೇ ಗತಿ. ಬೇರೆ ಏನಾದರೂ, ಇಲಿ, ಹೆಗ್ಗಣ, ಓತಿಕ್ಯಾತ, ಯಾವುದನ್ನೂ ಅವಳು ನಂಬುವುದಿಲ್ಲ. ಉಳಿದದ್ದು ಒಂದೇ, ಅದು ನಿಜವೂ ಆಗಿತ್ತು. ಅದನ್ನು ಹೇಳುವಾಗ ಹೊರಟ ದನಿ ತನ್ನದೆಂದು ಅವಳಿಗೇ ಗುರುತಾಗಲಿಲ್ಲ.

"ನಾನೇ ಕಿತ್ತಿದ್ದು."

ಯಶೋದಾ ತಿರುಗಿದಳು. "ಏನಂದ್ರಿ?"

"ನಾನೇ ಕಿತ್ತೆ ಕಣೆ, ಈ ಕೈಯಾಗೆ. ನಿಂದು ಎದ್ದಿದ್ದು ನೋಡಿ ತಡಿಯಕ್ಕಾಗ್ಲಿಲ್ಲ. ನನ್ನ ಬೀಜ ಆಗ್ಲೇ ಬೇರು ಬಿಟ್ಟಿತ್ತು, ಚೆನ್ನಾಗೇ ಇತ್ತು. ಸಿರಿ ಯಾರೂ ಹೊತ್ಕಂಡೋಗಿಲ್ಲ. ಹೊಟ್ಟೆಕಿಚ್ಚಿಗೆ ಕಿತ್ತೆ. ನಿನ್ನವು ನಿನ್ನವೇ, ಮುಟ್ಬ್ಯಾಡ ಅವನ್ನ."

ಯಶೋದಳ ಕಣ್ಣು ಅನುಸೂಯಳ ಉಗುರುಗಳಿಗೆ ಹೋಯಿತು, ಅಲ್ಲಿಂದ ಮುಖಕ್ಕೆ ಬಂತು. ಅಷ್ಟು ವರ್ಷದ ನೆರೆಹೊರೆಯಲ್ಲಿ ಯಾವತ್ತೂ ಅವಳು ಹಾಗೆ ನೋಡಿರಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಅವಳು ಬಯ್ಯದೆ, ಒಂದು ಹೆಜ್ಜೆ ಹಿಂದೆ ಸರಿದು, ಎಡಗೈಯಿಂದ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಬಗ್ಗಿ ತಟ್ಟೆ ಎತ್ತಿಕೊಳ್ಳುವಾಗಲೂ ಸೆರಗು ಬಿಡಲಿಲ್ಲ. ಬೆನ್ನು ತೋರಿಸದೆ ಓಣಿಯವರೆಗೆ ಹಿಂದಕ್ಕೇ ನಡೆದು, ಅಲ್ಲಿಂದ ಮರೆಯಾದಳು. ಅವಳು ಇನ್ನು ಕೀಳುವುದಿಲ್ಲ ಎಂದು ಅನುಸೂಯಳಿಗೆ ಗೊತ್ತಾಯಿತು.

ಗೋಡೆಯಾಚೆ ಮೊದಲು ಅಳು ಕೇಳಿಸಿತು, ಆಮೇಲೆ ನಾಗಕ್ಕನ ಗಟ್ಟಿ ದನಿ. "ಹಂಗಂದ್ಲಾ? ಆಕೆ ಬಾಯಿಂದ್ಲೇ ಅಂದ್ಲಾ? ನೀನು ಅಲ್ಲೇ ಕುಂತ್ಕ, ಅಲ್ಲಾಡ್ಬ್ಯಾಡ." ಪಾತ್ರೆ ಸರಿಸಿದ ಸದ್ದು, ಡಬ್ಬಿಯ ಮುಚ್ಚಳದ ಸದ್ದು. ನೋಡಬಾರದೆಂದುಕೊಂಡೇ ಅನುಸೂಯ ಗೋಡೆಯ ಹತ್ತಿರ ಹೋದಳು. ಯಶೋದಾ ನೀರೊಲೆಯ ಮುಂದೆ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ನಾಗಕ್ಕ ಮುಷ್ಟಿಯಲ್ಲಿ ಒಣಮೆಣಸಿನಕಾಯಿ, ಉಪ್ಪು ಹಿಡಿದು ಅವಳ ತಲೆಯಿಂದ ಹೊಟ್ಟೆಯವರೆಗೆ ನಿವಾಳಿಸುತ್ತಿದ್ದಳು. "ಹೋದೋರ ಕಣ್ಣು, ಬಂದೋರ ಕಣ್ಣು, ಪಕ್ಕದ ಮನೆ ಕಣ್ಣು," ಎಂದು ಗೋಡೆಗೆ ಕೇಳುವ ಹಾಗೇ ಹೇಳಿ, ಮೂರು ಸಲ ಉಗುಳಿಸಿ, ಎಲ್ಲವನ್ನೂ ಕೆಂಡಕ್ಕೆ ಸುರಿದಳು.

ಬೆಂಕಿ ಚಿಟಪಟ ಎಂದಿತು. ಘಾಟು ಬಂದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇರಲಿಲ್ಲವೆಂದೇ ಅರ್ಥ. ಮೆಣಸಿನಕಾಯಿ ಸುಟ್ಟು ಬೂದಿಯಾದರೂ ಘಾಟು ಏಳದಿದ್ದರೆ ಕಣ್ಣು ಬಿದ್ದದ್ದು ನಿಜ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದಳು, ಈಗ ಹಾಸ್ಟೆಲಿನಲ್ಲಿರುವ ಮಗನಿಗೆ ಚಿಕ್ಕವನಿದ್ದಾಗ ತಾನೇ ಎಷ್ಟು ಸಲ ತೆಗೆದಿದ್ದಳು, ಪ್ರತಿ ಸಲವೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ದಟ್ಟವಾಗಿ ಎದ್ದಿತು. ಗಾಳಿ ಈ ಕಡೆಗೇ ಇತ್ತು. ಗೋಡೆ ಹತ್ತಿ ಇಳಿದು ಹೊಗೆ ಅನುಸೂಯಳ ಮುಖಕ್ಕೆ ಬಡಿಯಿತು. ಒಂದು ಕೆಮ್ಮು ಬರಲಿ, ಒಂದೇ ಒಂದು, ಎಂದು ಅವಳು ಗೋಡೆಯನ್ನು ಎರಡು ಕೈಯಲ್ಲೂ ಹಿಡಿದು, ಬಾಯಿ ತೆರೆದು, ಎದೆ ತುಂಬ ಎಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಗಂಟಲಿನಲ್ಲಿ ಏನೂ ಆಗಲಿಲ್ಲ. ಗೋಡೆಯಾಚೆಯೂ ಯಾರೂ ಕೆಮ್ಮಲಿಲ್ಲ.